ಹೊಟ್ಟೆಯ ಆಮ್ಲ ಕಡಿಮೆಯಾದಾಗ ವಿಟಮಿನ್ ಸಿ: ಗ್ರಾಂ ಲೆಕ್ಕ, ಪಿಎಚ್ ಲೆಕ್ಕ

ಆಸ್ಕಾರ್ಬಿಕ್ ಆಮ್ಲದ, ಎಂದರೆ ವಿಟಮಿನ್ ಸಿಯ, ಪುಡಿಯನ್ನು ಅರ್ಧ ಗ್ರಾಂ ತೂಗಿ 100 ಮಿಲಿ ಶುದ್ಧ ನೀರಿಗೆ ಹಾಕಿ ಕಲಕಿದರೆ ಹುಳಿಯ ಅಳತೆಯಾದ ಪಿಎಚ್ 2.9ರ ಹತ್ತಿರ ಬರುತ್ತದೆ. ಒಂದು ಗ್ರಾಂ ಹಾಕಿದರೆ 2.7. ಎರಡು ಗ್ರಾಂ ಸುರಿದರೂ 2.6ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆರೋಗ್ಯವಂತರ ಖಾಲಿ ಹೊಟ್ಟೆಯ ರಸ 1.5ರಿಂದ 2ರಷ್ಟಿರುತ್ತದೆ. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಇಳಿಯಿತೆಂದರೆ ಆಮ್ಲ ಹತ್ತು ಪಟ್ಟು ಏರಿತು ಎಂದರ್ಥ. ಹಾಗಾಗಿ 2.9ಕ್ಕೂ 1.5ಕ್ಕೂ ನಡುವೆ ಇರುವುದು ಸುಮಾರು 25 ಪಟ್ಟು ಅಂತರ. ವಿಟಮಿನ್ ಸಿ ಹಿಡಿದು ಹೊಟ್ಟೆಯ ಆಮ್ಲವನ್ನು ಸರಿಮಾಡಲು ಹೊರಟವರು ಮೊದಲ ದಿನವೇ ಈ ಅಂತರವನ್ನು ಕಂಡುಕೊಂಡರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ.

ಕಾರಣ ಸರಳ. ಹೊಟ್ಟೆ ತಯಾರಿಸುವ ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ ಆಮ್ಲ. ನೀರಿಗೆ ಬಿದ್ದ ಕೂಡಲೇ ತನ್ನ ಪ್ರೋಟಾನನ್ನೆಲ್ಲ, ಎಂದರೆ ಹುಳಿಗೆ ಕಾರಣವಾದ ಹೈಡ್ರೋಜನ್ ಕಣಗಳನ್ನೆಲ್ಲ, ಬಿಟ್ಟುಕೊಡುತ್ತದೆ. ಆಸ್ಕಾರ್ಬಿಕ್ ದುರ್ಬಲ ಆಮ್ಲ, ಅದರ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟುಕೊಟ್ಟಿರುವ ಪಿಎಚ್) 4.17. ಪಿಎಚ್ 5 ಇರುವ ಕಡೆ ಅದರ ನೂರು ಅಣುಗಳಲ್ಲಿ 87 ಅಣುಗಳು ಪ್ರೋಟಾನ್ ಬಿಟ್ಟುಕೊಟ್ಟಿರುತ್ತವೆ. ಪಿಎಚ್ 3ಕ್ಕೆ ಇಳಿದರೆ ಬಿಟ್ಟುಕೊಡುವುದು ಆರೇಳು ಅಣುಗಳಷ್ಟೇ. ಎಂದರೆ 6ರಲ್ಲಿರುವ ಹೊಟ್ಟೆಯನ್ನು 4ರ ಕಡೆಗೆ ಎಳೆಯುವ ಶಕ್ತಿ ಇದಕ್ಕಿದೆ, 4ರಿಂದ 2ಕ್ಕೆ ಇಳಿಸುವ ಶಕ್ತಿ ಇಲ್ಲ. ಇನ್ನೂ ನಾಲ್ಕು ಚಮಚ ಹೆಚ್ಚು ಹಾಕಿದರೆ ಇಳಿದೀತು ಎಂಬ ಆಸೆ ಬೇಡ. ಇಳಿಯುವುದು ಪಿಎಚ್ ಅಲ್ಲ, ಭೇದಿಯಾಗಿ ಹೊಟ್ಟೆಯೇ ಇಳಿಯುತ್ತದೆ.

ಹೋಲಿಕೆಗೆ, ಹೊಟ್ಟೆಯ ಆಮ್ಲ ಏರಿಸಲೆಂದು ಮಾರುವ ಬೀಟೇನ್ ಹೈಡ್ರೋಕ್ಲೋರೈಡ್ ನೋಡಿ. ಔಷಧ ಕೊಟ್ಟು ಆಮ್ಲ ತಗ್ಗಿಸಿದ್ದ ಆರೋಗ್ಯವಂತ ಸ್ವಯಂಸೇವಕರಿಗೆ ಅದನ್ನು 1500 ಮಿಲಿಗ್ರಾಂ ಕೊಟ್ಟಾಗ ಹೊಟ್ಟೆಯ ಪಿಎಚ್ ಕೆಲವೇ ನಿಮಿಷಗಳಲ್ಲಿ 3ಕ್ಕಿಂತ ಕೆಳಗಿಳಿದು, ಒಂದು ಗಂಟೆಯ ಮೇಲೆ ಅಲ್ಲೇ ಉಳಿದದ್ದು ದಾಖಲಾಗಿದೆ. 1500 ಮಿಲಿಗ್ರಾಂ ಬೀಟೇನ್ ಹೈಡ್ರೋಕ್ಲೋರೈಡಿನಲ್ಲಿರುವುದು ಸುಮಾರು 9.8 ಮಿಲಿಮೋಲ್ (ಅಣುಗಳ ಎಣಿಕೆಯ ಅಳತೆ) ಆಮ್ಲ. ಅಷ್ಟೇ ತೂಕದ ವಿಟಮಿನ್ ಸಿಯಲ್ಲಿ 8.5 ಮಿಲಿಮೋಲ್. ಲೆಕ್ಕದಲ್ಲಿ ಹೆಚ್ಚು ಕಡಿಮೆ ಸಮ, ಕೆಲಸದಲ್ಲಿ ಅಜಗಜಾಂತರ. ಹಾಗೆಂದು ಬೀಟೇನ್ ಕಡೆಗೆ ಓಡಬೇಕೆಂದಲ್ಲ. ಹುಣ್ಣಿರುವ ಹೊಟ್ಟೆಗೆ ಅದು ಬೆಂಕಿ.

ಹಾಗಾದರೆ ವಿಟಮಿನ್ ಸಿ ಯಾತಕ್ಕೆ? ಕಬ್ಬಿಣಕ್ಕೆ. ಆಮ್ಲ ಕಡಿಮೆಯಾದ ಹೊಟ್ಟೆಯಲ್ಲಿ ಅದು ಸೋಲುವ ಕಡೆಗಳು ಬಹಳ, ಗಟ್ಟಿಯಾಗಿ ಗೆಲ್ಲುವುದು ಇಲ್ಲಿ. ಆ ಮಾತಿಗೆ ಆಮೇಲೆ ಬರೋಣ. ಅದಕ್ಕೂ ಮೊದಲು ಆಮ್ಲ ನಿಜವಾಗಿಯೂ ಕಡಿಮೆಯಿದೆಯೇ ಎಂಬುದು ಇತ್ಯರ್ಥವಾಗಬೇಕು.

ಊಟವಾದ ಮೇಲೆ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ತುಂಬಿದಂತಾಗುವುದು, ತೇಗು, ಇವೆಲ್ಲ ಆಮ್ಲ ಕಡಿಮೆಯಿದ್ದರೂ ಬರುತ್ತವೆ, ಸರಿಯಿದ್ದರೂ ಬರುತ್ತವೆ. ಬೆಳಿಗ್ಗೆ ಅಡುಗೆ ಸೋಡಾ ಕುಡಿದು ಎಷ್ಟು ನಿಮಿಷಕ್ಕೆ ತೇಗು ಬರುತ್ತದೆಂದು ಗಡಿಯಾರ ನೋಡುವ ಪರೀಕ್ಷೆಯನ್ನು ನಂಬಬೇಡಿ. ನುಂಗಿದ ಗಾಳಿ, ಕುಡಿದ ವೇಗ, ಹೊಟ್ಟೆ ಖಾಲಿಯಾಗುವ ವೇಗ, ಎಲ್ಲವೂ ತೇಗಿನ ಹೊತ್ತನ್ನು ಬದಲಿಸುತ್ತವೆ. ವಿಟಮಿನ್ ಸಿಯನ್ನು ದಿನದಿನಕ್ಕೆ ಏರಿಸುತ್ತ ಹೋಗಿ, ಉರಿ ಬರಲಿಲ್ಲವಾದರೆ ಆಮ್ಲ ಕಡಿಮೆ ಎಂದು ತೀರ್ಮಾನಿಸುವ ಪದ್ಧತಿಯೂ ಇಷ್ಟೇ ಪೊಳ್ಳು. ಉರಿ ಬರುವುದು ಬಿಡುವುದು ಒಳಪದರ ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೂ ನಿಂತಿದೆ, ರಸದ ಪಿಎಚ್ ಒಂದರ ಮೇಲಲ್ಲ.

ನಿಜವಾದ ಸುಳಿವು ಸಿಗುವುದು ರಕ್ತ ಪರೀಕ್ಷೆಯಲ್ಲಿ. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಗ್ಯಾಸ್ಟ್ರಿನ್ (ಆಮ್ಲ ಸುರಿಸಲು ಹೊಟ್ಟೆಗೆ ಹೇಳುವ ಹಾರ್ಮೋನ್) ಸಾಮಾನ್ಯವಾಗಿ ಮಿಲಿಗೆ 100 ಪಿಕೋಗ್ರಾಂ ಒಳಗಿರುತ್ತದೆ. ಆಮ್ಲ ಬತ್ತಿದಾಗ ದೇಹ ಇನ್ನಷ್ಟು ಸುರಿ ಎಂದು ಗ್ಯಾಸ್ಟ್ರಿನ್ ಏರಿಸುತ್ತಲೇ ಹೋಗುತ್ತದೆ, ಕೆಲವರಲ್ಲಿ 1000 ದಾಟುತ್ತದೆ. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಇದು ಏರುತ್ತದೆ, ಆ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಹೊಟ್ಟೆಯ ಒಳಪದರ ತಯಾರಿಸುವ ಪೆಪ್ಸಿನೋಜೆನ್ ಎಂಬ ಪ್ರೋಟೀನಿನ 1ನೇ ಬಗೆ, ಮಿಲಿಗೆ 70 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದು, ಪೆಪ್ಸಿನೋಜೆನ್ 1 ಮತ್ತು 2ರ ಅನುಪಾತ 3 ಅಥವಾ ಅದಕ್ಕಿಂತ ಕೆಳಗಿದ್ದರೆ ಹೊಟ್ಟೆಯ ಒಳಪದರ ಸವೆದಿರುವ ಅನುಮಾನ ಬಲವಾಗುತ್ತದೆ. ಇದರ ಜೊತೆಗೆ ಬಿ12, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಪ್ರೋಟೀನ್), ಆಮ್ಲ ತಯಾರಿಸುವ ಪರೈಟಲ್ ಕೋಶಗಳ ವಿರುದ್ಧದ ಪ್ರತಿಕಾಯ. ಕೊನೆಯ ಮಾತು ಎಂಡೋಸ್ಕೋಪಿ ಮತ್ತು ಬಯಾಪ್ಸಿಯದು.

ಎಚ್. ಪೈಲೋರಿ ಪರೀಕ್ಷೆಯನ್ನು ಬಿಡುವಂತಿಲ್ಲ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ತಂದುಕೊಟ್ಟ ಈ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಒಳಪದರದಲ್ಲಿ ಉಳಿದರೆ ಆಮ್ಲ ಸ್ರವಿಸುವ ಗ್ರಂಥಿಗಳೇ ನಾಶವಾಗಬಹುದು. ಉಸಿರಿನ ಯೂರಿಯಾ ಪರೀಕ್ಷೆಗೆ ಅಥವಾ ಮಲದ ಆಂಟಿಜೆನ್ ಪರೀಕ್ಷೆಗೆ ಹೋಗುವ ಎರಡು ವಾರ ಮೊದಲು ಆಮ್ಲ ತಗ್ಗಿಸುವ ಮಾತ್ರೆ, ನಾಲ್ಕು ವಾರ ಮೊದಲು ಆ್ಯಂಟಿಬಯಾಟಿಕ್ ನಿಂತಿರಬೇಕು. ಇಲ್ಲದಿದ್ದರೆ ಸೋಂಕು ಇದ್ದೂ ಇಲ್ಲವೆಂದು ತೋರಿಸುತ್ತದೆ. ನಿಲ್ಲಿಸುವುದು ಕೊಟ್ಟ ವೈದ್ಯರನ್ನು ಕೇಳಿಯೇ. ತಿಂಗಳುಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಚಿಮ್ಮುತ್ತದೆ, ಆ ಉರಿಯನ್ನು ನೋಡಿ ಹಳೆಯ ರೋಗವೇ ಮರಳಿತೆಂದು ಜನ ಹೆದರುತ್ತಾರೆ. ಇನ್ನೊಂದು ಮಾತು: ಹುಣ್ಣು ವಾಸಿಯಾಗಲೆಂದೋ ಅನ್ನನಾಳ ಉಳಿಯಲೆಂದೋ ಬೇಕೆಂದೇ ಆಮ್ಲ ತಗ್ಗಿಸಿದ್ದರೆ, ಒಂದು ಕೈಯಲ್ಲಿ ಮಾತ್ರೆ ನುಂಗಿ ಇನ್ನೊಂದು ಕೈಯಲ್ಲಿ ಹುಳಿ ಪುಡಿ ಕುಡಿಯುವುದರಲ್ಲಿ ಅರ್ಥವಿಲ್ಲ.

ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಪುಡಿ ಡಬ್ಬಿಯನ್ನು ಮುಚ್ಚಿಟ್ಟು ಆಸ್ಪತ್ರೆಗೆ ಹೋಗಿ.

ಈಗ ಪುಡಿಯ ವಿಷಯ. ವಿಟಮಿನ್ ಸಿ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಬರುತ್ತವೆ, ಈ ಕೆಲಸಕ್ಕೆ ಒದಗುವುದು ಅವುಗಳಲ್ಲಿ ಒಂದೇ: ಬರೀ ಆಸ್ಕಾರ್ಬಿಕ್ ಆಮ್ಲ. ಹೊಟ್ಟೆಗೆ ಮೃದು ಎಂದು ಮಾರುವ ಸೋಡಿಯಂ ಆಸ್ಕಾರ್ಬೇಟ್, ಕ್ಯಾಲ್ಸಿಯಂ ಆಸ್ಕಾರ್ಬೇಟ್ ಹುಳಿಯೇ ಇರುವುದಿಲ್ಲ. ಅಷ್ಟೇ ಅಲ್ಲ, ಅವು ತಿರುಗಿ ಆಮ್ಲವನ್ನು ನುಂಗುತ್ತವೆ. ಒಂದು ಗ್ರಾಂ ಸೋಡಿಯಂ ಆಸ್ಕಾರ್ಬೇಟ್ ಹೊಟ್ಟೆಯ ಪ್ರಬಲ ಆಮ್ಲದೊಂದಿಗೆ ಸೇರಿದರೆ ಸುಮಾರು 5 ಮಿಲಿಮೋಲ್ ಪ್ರೋಟಾನ್ ಹೀರಿಕೊಂಡು ಆಸ್ಕಾರ್ಬಿಕ್ ಆಮ್ಲವಾಗಿ ಬದಲಾಗುತ್ತದೆ. ಮೊದಲೇ ಬಡವಾದ ಹೊಟ್ಟೆಯ ಜೇಬಿಗೇ ಕೈ ಹಾಕಿದಂತೆ. ಮೇಲಾಗಿ ಅದರಲ್ಲಿ 116 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನೀರಿಗೆ ಹಾಕಿದರೆ ಬುಸುಗುಟ್ಟುವ ಮಾತ್ರೆಗಳಲ್ಲಿ ಬೈಕಾರ್ಬನೇಟ್ ಇರುವುದರಿಂದಲೇ ಆ ನೊರೆ; ಆಮ್ಲ ಬೇಕಾದವರಿಗೆ ಅದು ಹಿಮ್ಮುಖ ಪ್ರಯಾಣ. ಜಗಿಯುವ ಮಾತ್ರೆ ಹಲ್ಲಿಗೆ ಕೇಡು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಹೊಟ್ಟೆಯಲ್ಲಿ ಹುಳಿಯನ್ನು ಒಮ್ಮೆಗೇ ಬಿಡುವುದಿಲ್ಲ, ಆದ್ದರಿಂದ ಅದೂ ಬೇಡ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರವನ್ನು ಓದಿ. ಮುಂಬದಿಯಲ್ಲಿ ಏನು ಬರೆದಿದೆ ಎಂಬುದು ಮುಖ್ಯವಲ್ಲ.

ಅಳತೆಗೆ ಚಮಚ ನಂಬಬೇಡಿ. 5 ಮಿಲಿಯ ಟೀ ಚಮಚ ಸಮತಟ್ಟಾಗಿ ತುಂಬಿದರೆ ಹರಳಿನ ಗಾತ್ರಕ್ಕೆ ತಕ್ಕಂತೆ 4ರಿಂದ 5 ಗ್ರಾಂ ಬರುತ್ತದೆ. ಅಂದಾಜಿನಲ್ಲಿ ಅರ್ಧ ಚಮಚ ಹಾಕಿಕೊಂಡವರು ಒಂದೇ ಸಲಕ್ಕೆ ಎರಡು ಗ್ರಾಂ ದಾಟಿರುತ್ತಾರೆ. ವಯಸ್ಕರಿಗೆ ಇಡೀ ದಿನದ ಮೇಲ್ಮಿತಿಯೇ 2000 ಮಿಲಿಗ್ರಾಂ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿ ಸಿಕ್ಕರೆ ಒಂದು ಸಲ 250 ಮಿಲಿಗ್ರಾಂ ತೂಗಿ, ಅದು ಯಾವ ಅಳತೆ ಚಮಚದ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತಿಟ್ಟುಕೊಂಡರೆ ಆಯಿತು. ಹೊಸ ಡಬ್ಬಿ ಬಂದಾಗ ಮತ್ತೆ ತೂಗಬೇಕು.

ನೀರಿನ ಪಾತ್ರವನ್ನು ಬಹಳ ಜನ ಮರೆಯುತ್ತಾರೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೈಕಾರ್ಬನೇಟ್ ಧಾರಾಳವಾಗಿರುತ್ತದೆ. ಲೀಟರಿಗೆ 300 ಮಿಲಿಗ್ರಾಂ ಕ್ಷಾರೀಯತೆ ಇರುವ ನೀರು 100 ಮಿಲಿ ತೆಗೆದುಕೊಂಡರೆ, ಅದೊಂದೇ 0.6 ಮಿಲಿಮೋಲ್ ಆಮ್ಲವನ್ನು ತಿಂದುಹಾಕುತ್ತದೆ. ಅರ್ಧ ಗ್ರಾಂ ಪುಡಿಯಲ್ಲಿರುವುದು 2.8 ಮಿಲಿಮೋಲ್. ಫಲವಾಗಿ ಶುದ್ಧ ನೀರಿನಲ್ಲಿ 2.9 ಬರಬೇಕಾದ ಪಿಎಚ್ ಇಲ್ಲಿ 3.6ರ ಹತ್ತಿರ ನಿಲ್ಲುತ್ತದೆ. 0ಯಿಂದ 6ರವರೆಗಿನ ಪಿಎಚ್ ಪಟ್ಟಿ ಅದ್ದಿ ನೋಡಿದರೆ ಎರಡು ಲೋಟಗಳ ಬಣ್ಣದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಶುದ್ಧೀಕರಿಸಿದ, ಖನಿಜ ಕಡಿಮೆಯಿರುವ ನೀರು ಒಳ್ಳೆಯದು. ಅದೇ ಪಟ್ಟಿ ಹಿಡಿದು ಇನ್ನೊಂದನ್ನೂ ನೋಡಬಹುದು: 100 ಮಿಲಿ ಹಾಲಿಗೆ ಒಂದು ಗ್ರಾಂ ಹಾಕಿ ಕಲಕಿ. ಪಿಎಚ್ ಇಳಿದು 5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರೋಟೀನು ಮತ್ತು ಫಾಸ್ಫೇಟುಗಳು ಪ್ರೋಟಾನನ್ನು ಹಿಡಿದಿಟ್ಟುಕೊಳ್ಳುವ ಬಗೆ ಇದು. ಊಟ ತುಂಬಿದ ಹೊಟ್ಟೆಯಲ್ಲೂ ನಡೆಯುವುದು ಇದೇ. ಪ್ರೋಟೀನ್ ಒಡೆಯುವ ಕಿಣ್ವವಾದ ಪೆಪ್ಸಿನ್ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 2ರ ಸುತ್ತ. 5ರಲ್ಲಿ ಅದು ಹೆಚ್ಚು ಕಡಿಮೆ ಕೈಕಟ್ಟಿ ಕೂತಿರುತ್ತದೆ. ಹಾಗಾಗಿ ಪ್ರೋಟೀನ್ ಜೀರ್ಣವಾಗಲಿ ಎಂದು ವಿಟಮಿನ್ ಸಿ ಕುಡಿಯುವುದರಿಂದ ದಕ್ಕುವುದು ಅಲ್ಪ.

ಪುಡಿ ಕರಗುವುದಕ್ಕೆ ತೊಂದರೆಯೇ ಇಲ್ಲ, ತಣ್ಣೀರಿನಲ್ಲೂ ಕ್ಷಣದಲ್ಲಿ ಕರಗುತ್ತದೆ. ಕುದಿಯುವ ನೀರು ಬೇಡ. ತಾಮ್ರದ ಲೋಟ ಖಂಡಿತ ಬೇಡ, ತಾಮ್ರ ವಿಟಮಿನ್ ಸಿಯನ್ನು ಬಹುಬೇಗ ಕೆಡಿಸುತ್ತದೆ. ಬೆಳಿಗ್ಗೆಯೇ ಬಾಟಲಿಗೆ ಕಲಸಿಟ್ಟುಕೊಂಡು ಸಂಜೆವರೆಗೆ ಗುಟುಕರಿಸುವುದೂ ಬೇಡ. ಕಲಸಿದ ನೀರು ಹಳದಿಗೆ ತಿರುಗಿದರೆ ಚೆಲ್ಲಿ. ಡಬ್ಬಿಯಲ್ಲಿನ ಪುಡಿಯೂ ತೇವ ತಗುಲಿ ಹಳದಿ ಗಂಟಾಗಿದ್ದರೆ ಅದರ ಕಥೆ ಮುಗಿದಂತೆ.

ಸಮಯ ಹೊಂದಿಸುವುದರಲ್ಲಿ ಎಡವುವವರೇ ಹೆಚ್ಚು. ಊಟಕ್ಕೆ ಅರ್ಧ ಗಂಟೆ ಮೊದಲು ಕುಡಿಯಬೇಕೆಂಬ ಸಲಹೆ ಎಲ್ಲೆಲ್ಲೂ ಇದೆ. ಆದರೆ ಖಾಲಿ ಹೊಟ್ಟೆಗೆ ಹೋದ ಒಂದು ಲೋಟ ನೀರಿನ ಅರ್ಧ ಭಾಗ ಹತ್ತಿಪ್ಪತ್ತು ನಿಮಿಷದಲ್ಲೇ ಕರುಳಿಗೆ ಇಳಿದಿರುತ್ತದೆ. ಊಟ ಬರುವಷ್ಟರಲ್ಲಿ ಹುಳಿಯೇ ಉಳಿದಿರುವುದಿಲ್ಲ. ಮೊದಲ ಎರಡು ಮೂರು ತುತ್ತು ಒಳಗೆ ಹೋದ ಮೇಲೆ ಕುಡಿಯುವುದು ಸರಿ. ಆಗ ಆಹಾರದೊಂದಿಗೆ ಬೆರೆತು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಬರಿಯ ಒಳಪದರಕ್ಕೆ ನೇರವಾಗಿ ತಾಗುವುದಿಲ್ಲ.

ಪ್ರಮಾಣ ಹೀಗೆ: ಮೊದಲ ಮೂರು ನಾಲ್ಕು ದಿನ ದಿನದ ದೊಡ್ಡ ಊಟದ ಜೊತೆ 250 ಮಿಲಿಗ್ರಾಂ, 100 ಮಿಲಿ ನೀರಿನಲ್ಲಿ. ಉರಿ, ನೋವು, ಭೇದಿ ಇಲ್ಲವಾದರೆ ಎರಡು ಊಟಕ್ಕೂ 250. ಅಲ್ಲಿಂದ ಮುಂದೆ ಬೇಕೆನಿಸಿದರೆ ಊಟಕ್ಕೆ 500, ದಿನಕ್ಕೆ 1000 ಮಿಲಿಗ್ರಾಂ. ಅದಕ್ಕಿಂತ ಮೇಲೆ ಹೋಗುವುದರಿಂದ ಸಿಗುವ ಲಾಭ ಕಾಣೆ. ದಿನಕ್ಕೆ 30ರಿಂದ 180 ಮಿಲಿಗ್ರಾಂ ಒಳಗೆ ಹೋದರೆ ನೂರಕ್ಕೆ 70ರಿಂದ 90 ಭಾಗವನ್ನು ಕರುಳು ಹೀರುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕರುಳಿನಲ್ಲೇ ನಿಂತು ನೀರನ್ನು ಸೆಳೆಯುತ್ತದೆ. ಗುಡುಗುಡು ಸದ್ದು, ಗಾಳಿ, ನೀರಾದ ಮಲ, ಇಷ್ಟೂ ಅದರ ಫಲ. ಮೊದಲ ವಾರದಲ್ಲಿ ಇದು ಕಂಡರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ. ದೇಹ ವಿಷ ಹೊರಹಾಕುತ್ತಿದೆ ಎಂಬ ವ್ಯಾಖ್ಯಾನ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ.

ಕುಡಿದ ಕೆಲವೇ ನಿಮಿಷದಲ್ಲಿ ಎದೆಮೂಳೆಯ ಕೆಳಗೆ ಉರಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಒಳಪದರ ಕೆಂಪಾಗಿದೆ, ಇಲ್ಲವೇ ಆಮ್ಲ ಸಾಕಷ್ಟಿದೆ, ಇಲ್ಲವೇ ಹುಣ್ಣಿದೆ. ಯಾವುದಾದರೂ ಸರಿ, ಮುಂದುವರಿಸುವ ಸ್ಥಿತಿಯಲ್ಲ. ನೋವಿನ ಮಾತ್ರೆಗಳನ್ನು ದಿನವೂ ನುಂಗುವವರು ಈ ದಾರಿಗೇ ಬರಬಾರದು.

ಹಲ್ಲಿನ ಎನಾಮೆಲ್ ಪಿಎಚ್ 5.5ಕ್ಕಿಂತ ಕೆಳಗೆ ಕರಗಲು ಶುರುವಾಗುತ್ತದೆ, ಲೋಟದಲ್ಲಿರುವುದು 3ರ ಆಸುಪಾಸು. ಸ್ಟ್ರಾ ಹಾಕಿ ಕುಡಿಯಿರಿ, ಕುಡಿದ ತಕ್ಷಣ ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಹಲ್ಲುಜ್ಜಬೇಡಿ. ಮೆದುವಾದ ಎನಾಮೆಲ್ ಮೇಲೆ ಬ್ರಷ್ ಆಡಿಸಿದರೆ ಸವೆತ ಹೆಚ್ಚು. ಪುಡಿಯ ತಾಪತ್ರಯ ಬೇಡವೆಂದು 500 ಮಿಲಿಗ್ರಾಂ ಮಾತ್ರೆ ನುಂಗುವವರು ಪೂರ್ತಿ ಲೋಟ ನೀರು ಕುಡಿಯಬೇಕು, ನುಂಗಿದ ಮೇಲೆ ಮಲಗಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡ ಆಸ್ಕಾರ್ಬಿಕ್ ಮಾತ್ರೆ ಅಲ್ಲೇ ಕರಗಿ ಹುಣ್ಣು ಮಾಡುವುದುಂಟು.

ಇನ್ನು ಕಬ್ಬಿಣ. ಸಸ್ಯಾಹಾರದ ಕಬ್ಬಿಣ ಬಹುತೇಕ ಫೆರಿಕ್ ರೂಪದಲ್ಲಿರುತ್ತದೆ. ಆಮ್ಲವಿದ್ದರೆ ಅದು ಕರಗಿ ನಿಲ್ಲುತ್ತದೆ. ಪಿಎಚ್ 3 ದಾಟಿ ಮೇಲೇರಿದಂತೆಲ್ಲ ತುಕ್ಕಿನಂತೆ ಗಟ್ಟಿಯಾಗಿ ತಳಕಚ್ಚುತ್ತದೆ. ವಿಟಮಿನ್ ಸಿ ಇಲ್ಲಿ ಎರಡು ಕೆಲಸ ಮಾಡುತ್ತದೆ. ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿ ಬದಲಿಸುತ್ತದೆ, ಕರುಳಿನ ಕೋಶದ ಬಾಗಿಲು ತೆರೆಯುವುದು ಫೆರಸ್‌ಗೆ ಮಾತ್ರ. ಜೊತೆಗೆ ಕಬ್ಬಿಣವನ್ನು ಹಿಡಿದುಕೊಂಡು, ಪಿಎಚ್ ಏರುವ ಡ್ಯುಯೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ವರೆಗೂ ಕರಗಿದ ಸ್ಥಿತಿಯಲ್ಲೇ ಸಾಗಿಸುತ್ತದೆ. ಈ ಕೆಲಸಕ್ಕೆ ಪಿಎಚ್ 1.5ಕ್ಕೆ ಇಳಿಯಬೇಕಾದ್ದಿಲ್ಲ, ಒಂದು ಊಟಕ್ಕೆ 50ರಿಂದ 100 ಮಿಲಿಗ್ರಾಂ ಸಾಕು. ಆದರೆ ಅದು ಅದೇ ಊಟದಲ್ಲಿರಬೇಕು. ಬೆಳಿಗ್ಗೆ ಕುಡಿದದ್ದು ರಾತ್ರಿಯ ಊಟದ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ. ಆ ಊಟದ ಜೊತೆ ಚಹಾ, ಕಾಫಿ ಕುಡಿದರೆ ಗಳಿಸಿದ್ದನ್ನು ಕಳೆದುಕೊಂಡಂತೆ. ಫೆರಸ್ ಸಲ್ಫೇಟ್ ಮಾತ್ರೆಯ ವಿಷಯ ಬೇರೆ. ಅದು ಆಗಲೇ ಫೆರಸ್. ರಕ್ತಹೀನತೆ ಇದ್ದ 440 ಜನರಲ್ಲಿ ನಡೆಸಿ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಬ್ಬಿಣದ ಮಾತ್ರೆಗೆ ವಿಟಮಿನ್ ಸಿ ಸೇರಿಸಿದ್ದರಿಂದ ಹಿಮೋಗ್ಲೋಬಿನ್ ಏರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಫಲ ಸಿಕ್ಕಿತೇ ಎಂದು ನೋಡುವುದು ಫೆರಿಟಿನ್‌ನಲ್ಲಿ, ಎಂಟರಿಂದ ಹನ್ನೆರಡು ವಾರದ ನಂತರ. ಹೊಟ್ಟೆ ಹಗುರವಾಯಿತೋ ಇಲ್ಲವೋ ಎಂಬುದರಲ್ಲಲ್ಲ. ಉರಿಯೂತವಿದ್ದರೆ ಫೆರಿಟಿನ್ ಸುಳ್ಳೇ ಏರುತ್ತದೆ, ಆದ್ದರಿಂದ ಉರಿಯೂತ ತೋರಿಸುವ ಸಿಆರ್‌ಪಿ ರಕ್ತ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ.

ಆಮ್ಲ ಬತ್ತಿದ ಹೊಟ್ಟೆಯಲ್ಲಿ ವಿಟಮಿನ್ ಸಿ ತಾನೇ ಕಡಿಮೆಯಿರುತ್ತದೆ ಎಂಬುದೂ ಗಮನಿಸಬೇಕಾದ ಸಂಗತಿ. ಆರೋಗ್ಯವಂತ ಹೊಟ್ಟೆ ರಕ್ತದಿಂದ ಅದನ್ನು ಸೆಳೆದು ತನ್ನ ರಸಕ್ಕೆ ಬಿಡುತ್ತದೆ. ಪಿಎಚ್ ಏರಿದಾಗ ಆ ವಿಟಮಿನ್ ಬೇಗ ಕೆಡುತ್ತದೆ, ಬ್ಯಾಕ್ಟೀರಿಯಾ ಬೆಳೆದು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ, ಅದರಿಂದ ಕ್ಯಾನ್ಸರ್ ತರಬಲ್ಲ ನೈಟ್ರೋಸೊ ಸಂಯುಕ್ತಗಳು ಹುಟ್ಟುತ್ತವೆ. ಆಸ್ಕಾರ್ಬಿಕ್ ಆಮ್ಲ ನೈಟ್ರೈಟನ್ನು ತಾನು ಮುಂದಾಗಿ ಹಿಡಿಯುತ್ತದೆ. ಊಟದೊಂದಿಗೆ ಸ್ವಲ್ಪವಾದರೂ ವಿಟಮಿನ್ ಸಿ ಇರಲಿ ಎನ್ನಲು ಇದು ಒಳ್ಳೆಯ ಕಾರಣ. ಎಚ್. ಪೈಲೋರಿ ಚಿಕಿತ್ಸೆಗೆ ಮಾತ್ರ ಇದು ಬದಲಿಯಲ್ಲ.

ಬಿ12 ವಿಷಯದಲ್ಲಿ ಯಾವ ಭ್ರಮೆಯೂ ಬೇಡ. ಆಹಾರದ ಪ್ರೋಟೀನಿನಿಂದ ಬಿ12 ಬಿಡಿಸಲು ಆಮ್ಲ, ಪೆಪ್ಸಿನ್ ಎರಡೂ ಬೇಕು. ಆಮೇಲೆ ಅದನ್ನು ಹೀರಲು ಆಮ್ಲ ತಯಾರಿಸುವ ಕೋಶಗಳೇ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಬೇಕು. ಹುಳಿ ನೀರು ಇದನ್ನು ಕೊಡಲಾರದು. ಮಾತ್ರೆಯ ಬಿ12ಗೆ ಆಮ್ಲ ಬೇಕಿಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಲ್ಲೂ ಸುಮಾರು ನೂರಕ್ಕೆ ಒಂದು ಭಾಗ ಹಾಗೇ ನುಸುಳುತ್ತದೆ, ಅದಕ್ಕೇ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಇಲ್ಲವೇ ಚುಚ್ಚುಮದ್ದು. ಕೈಕಾಲು ಜೋಮು ಹಿಡಿಯುತ್ತಿದ್ದರೆ ವಿಟಮಿನ್ ಸಿ ಪ್ರಯೋಗದಲ್ಲಿ ತಿಂಗಳು ಕಳೆಯಬೇಡಿ, ನರದ ಹಾನಿ ಹಿಂದಿರುಗಿ ಸರಿಯಾಗದೆ ಉಳಿಯಬಹುದು. ಕ್ಯಾಲ್ಸಿಯಂ ತೆಗೆದುಕೊಳ್ಳುವವರು ಕರಗಲು ಆಮ್ಲ ಬೇಡುವ ಕಾರ್ಬನೇಟ್ ಬಿಟ್ಟು ಸಿಟ್ರೇಟ್ ಆರಿಸಿದರೆ ಅಲ್ಲಿಗೆ ಆ ಸಮಸ್ಯೆ ಮುಗಿಯಿತು. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆ ಆಮ್ಲವಿರುವಾಗ ಹೆಚ್ಚು ಹೀರಲ್ಪಡುತ್ತದೆ, ಹಾಗಾಗಿ ಅದರ ಜೊತೆ ಹುಳಿ ನೀರು ಶುರುಮಾಡಿದರೆ ಡೋಸ್ ಏರುಪೇರಾಗಬಹುದು. ವೈದ್ಯರಿಗೆ ಹೇಳಿ, ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಮತ್ತೆ ಮಾಡಿಸಿ.

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಒಮ್ಮೆಯಾದರೂ ಆಗಿದ್ದವರು, ಮೂತ್ರಪಿಂಡ ದುರ್ಬಲವಿರುವವರು, ದೇಹದಲ್ಲಿ ಕಬ್ಬಿಣ ಶೇಖರವಾಗುವ ಹಿಮೋಕ್ರೊಮಟೋಸಿಸ್ ಇರುವವರು, ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಗ್ರಾಂ ಲೆಕ್ಕದ ವಿಟಮಿನ್ ಸಿಗೆ ಕೈ ಹಾಕಬಾರದು. ಹಣ್ಣು ತರಕಾರಿಯಲ್ಲಿ ಬರುವಷ್ಟು ಅವರಿಗೆ ಸಾಕು.

ಪ್ರಯೋಗಾಲಯಕ್ಕೆ ಹೋಗುವಾಗ ಪುಡಿ ಕುಡಿಯುತ್ತಿರುವುದನ್ನು ತಿಳಿಸಿ. ಮಲದಲ್ಲಿ ಅಡಗಿದ ರಕ್ತ ಹುಡುಕುವ ಗ್ವಾಯಕ್ ಪರೀಕ್ಷೆಯನ್ನು ದಿನಕ್ಕೆ 250 ಮಿಲಿಗ್ರಾಂ ಮೀರಿದ ವಿಟಮಿನ್ ಸಿ ಹಾಳುಮಾಡುತ್ತದೆ, ರಕ್ತ ಇದ್ದರೂ ಇಲ್ಲವೆಂದು ಬರುತ್ತದೆ. ಮೂರು ದಿನ ಮೊದಲೇ ನಿಲ್ಲಿಸಬೇಕು. ಚರ್ಮಕ್ಕೆ ಅಂಟಿಸಿಕೊಳ್ಳುವ ಕೆಲವು ಗ್ಲೂಕೋಸ್ ಸೆನ್ಸರ್‌ಗಳು ವಿಟಮಿನ್ ಸಿಯಿಂದಾಗಿ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಅಂಕಿ ನೋಡಿ ಡೋಸ್ ಏರಿಸುವ ಮೊದಲು ಬೆರಳು ಚುಚ್ಚಿ ಒಮ್ಮೆ ನೋಡಿಕೊಳ್ಳಲಿ.